ಅರಮನೆ ಬಿಡಿ, ಈಜುಕೊಳ ತೋರಿಸಿ

ನಮಸ್ಕಾರ.

ಇಟಲಿಯ ಹಳೇ ಪ್ರಯಾಣಿಕ ಹಡಗುಗಳ ಬಗ್ಗೆ ನೀವು ಕಳಿಸಿದ ‘ತೇಲುವ ಅರಮನೆಗಳು’ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಮೂಲೆಗೆಸೆಯಬೇಡಿ.

ಮೊದಲ ಪುಟದಲ್ಲೇ ‘ಭವ್ಯ’ ಏಳು ಸಲ ಬಂದಿದೆ. ‘ಅರಮನೆ’ ಐದು ಸಲ. ಪೆನ್ಸಿಲ್ ಹಿಡಿದು ಎಣಿಸಿದೆ. ಅರಮನೆ ಅಂದ ಕೂಡಲೇ ನಮ್ಮ ಓದುಗರಿಗೆ ಮೈಸೂರಿನದು ನೆನಪಾಗುತ್ತದೆ. ಈ ಹಡಗುಗಳು ಹಾಗಿರಲಿಲ್ಲ. 1953ರಲ್ಲಿ ಓಡಾಟ ಶುರು ಮಾಡಿದ ‘ಆಂಡ್ರಿಯಾ ಡೋರಿಯಾ’ದ ಒಂದು ಕೋಣೆಯನ್ನೇ ನೋಡಿ. ಇಟಲಿಯ ವಿನ್ಯಾಸಕಾರರಾದ ಜಿಯೋ ಪಾಂಟಿ, ಪಿಯೆರೋ ಫೋರ್ನಾಸೆಟ್ಟಿ ಇಬ್ಬರೂ ಸೇರಿ ಅದರ ತುಂಬಾ ರಾಶಿಚಕ್ರದ ಚಿತ್ರ ಹರಡಿದ್ದರು. ಮೇಷ, ವೃಷಭಗಳ ನಡುವೆ ಮಲಗಿ ಅಟ್ಲಾಂಟಿಕ್ ದಾಟುವುದು! ಇದನ್ನು ಹೇಳಿದರೆ ‘ಭವ್ಯ’ ಬೇಕಾಗುವುದೇ ಇಲ್ಲ.

ಮೂರನೇ ಪುಟದಲ್ಲಿ ‘ಮೂರು ದರ್ಜೆಗೂ ಒಂದೊಂದು ಈಜುಕೊಳ ಇತ್ತು’ ಅಂತ ಬರೆದು ಸುಮ್ನೆ ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಇಂಗ್ಲೆಂಡ್, ಫ್ರಾನ್ಸ್ ಕಡೆಯ ಹಡಗುಗಳು ಉತ್ತರದ ಚಳಿಗಾಳಿಯಲ್ಲಿ ಹೋಗಬೇಕಿತ್ತು. ಇವು ಜಿನೋವಾ, ನೇಪಲ್ಸ್, ಜಿಬ್ರಾಲ್ಟರ್ ದಾಟಿ ದಕ್ಷಿಣದ ದಾರಿಯಲ್ಲಿ ನ್ಯೂಯಾರ್ಕಿಗೆ ಹೋಗುತ್ತಿದ್ದವು. ಅಲ್ಲಿ ಬಿಸಿಲು ಜಾಸ್ತಿ. ಹಾಗಾಗಿ ಇಟಲಿಯವರು ಮಾರಿದ್ದು ಬಿಸಿಲನ್ನೇ. ಊರು ಬಿಟ್ಟು ಅಮೆರಿಕಕ್ಕೆ ಹೊರಟ ಬಡವರಿಗೂ ಒಂದು ಕೊಳ ಸಿಕ್ಕಿತು, ಆದರೆ ಬೇರೆ ಕೊಳ. ಜನ ಇವತ್ತಿಗೂ ಈ ಹಡಗುಗಳ ಫೋಟೋ ಹುಡುಕುವುದು ಆ ಬಿಸಿಲಿಗೇ ಅಂತ ನನಗನಿಸುತ್ತದೆ.

ಒಂದು ತಪ್ಪು ತಿದ್ದಲೇಬೇಕು. ‘ಟೈಟಾನಿಕ್‌ನಂತೆ ಇಲ್ಲೂ ಲೈಫ್‌ಬೋಟ್ ಸಾಲಲಿಲ್ಲ’ ಅಂದಿದ್ದೀರಿ. ಅಲ್ಲ. 1956ರ ಜುಲೈ 25ರ ರಾತ್ರಿ ಸ್ವೀಡನ್ನಿನ ‘ಸ್ಟಾಕ್‌ಹೋಮ್’ ಹಡಗು ಗುದ್ದಿದ ಮೇಲೆ ‘ಆಂಡ್ರಿಯಾ ಡೋರಿಯಾ’ ಎಷ್ಟು ವಾಲಿತೆಂದರೆ, ಒಂದು ಪಕ್ಕದ ಬೋಟುಗಳನ್ನು ಇಳಿಸಲಿಕ್ಕೇ ಆಗಲಿಲ್ಲ. ಬೋಟು ಇತ್ತು, ಕೈಗೆ ಸಿಗಲಿಲ್ಲ. ‘ಆಂಡ್ರಿಯಾ ಡೋರಿಯಾ’ದಲ್ಲಿದ್ದವರ ಪೈಕಿ 46 ಜನ ಸತ್ತರು. ಆದರೂ ಹಡಗು ಸುಮಾರು 11 ಗಂಟೆ ಮುಳುಗದೆ ನಿಂತಿತು, ಬೇರೆ ಹಡಗುಗಳು ಬಂದವು, 1,600ಕ್ಕೂ ಹೆಚ್ಚು ಜನ ಉಳಿದರು.

‘ಮೈಕೆಲಾಂಜೆಲೋ’, ‘ರಫಾಯೆಲ್ಲೋ’ ಹಡಗುಗಳನ್ನು ಸುವರ್ಣಯುಗದ ಶಿಖರ ಅಂದಿದ್ದೀರಿ. ನಾನು ಹಟ ಅನ್ನುತ್ತೇನೆ. ಅವು ಹೊರಟದ್ದು 1965ರಲ್ಲಿ. ಅಷ್ಟು ಹೊತ್ತಿಗೆ ಜೆಟ್ ವಿಮಾನಗಳು ಏಳು ವರ್ಷದಿಂದ ಅಟ್ಲಾಂಟಿಕ್ ದಾಟುತ್ತಿದ್ದವು. ಮೇಲೆ ಜಾಲರಿ ಕಟ್ಟಿದ ಚೆಂದದ ಚಿಮಣಿ, ಕೆಳಗೆ ಕಿಟಕಿಯೇ ಇಲ್ಲದ ಕೋಣೆಗಳು. ಕೊನೆಗೆ ಎರಡೂ ಇರಾನ್ ನೌಕಾಪಡೆಯವರ ವಸತಿಗೃಹಗಳಾದವು.

ಈಗ ನನ್ನ ನಿಜವಾದ ತಕರಾರು. ಜೊತೆಗಿಟ್ಟ ಪತ್ರದಲ್ಲಿ, ನಿಮ್ಮ ದೊಡ್ಡಪ್ಪ ಬಾಂಬೆಯಿಂದ ‘ವಿಕ್ಟೋರಿಯಾ’ ಹತ್ತಿ ಯುರೋಪಿಗೆ ಹೋಗಿದ್ದರು, ಅವರ ಟ್ರಂಕಿನ ಮೇಲೆ ಹಡಗಿನ ಚೀಟಿ ಇನ್ನೂ ಅಂಟಿಕೊಂಡಿದೆ ಅಂತ ಬರೆದಿದ್ದೀರಿ. ಲೇಖನದಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ! ಇಟಲಿಯ ಲಾಯ್ಡ್ ಟ್ರಿಯೆಸ್ಟಿನೋ ಕಂಪನಿಯ ಆ ಹಡಗು ಮುಂದೆ ‘ಅನಸ್ತಾಸಿಸ್’ ಅನ್ನುವ ಆಸ್ಪತ್ರೆ ಹಡಗಾಯಿತು. 2007ರಲ್ಲಿ ಮತ್ತೆ ನಮ್ಮ ಕರಾವಳಿಗೇ ಬಂತು, ಗುಜರಾತಿನ ಅಲಂಗ್‌ಗೆ, ಗುಜರಿಯಾಗಿ.

ಟ್ರಂಕಿನಿಂದ ಶುರು ಮಾಡಿ. ಚೀಟಿಯ ಫೋಟೋ ಕಳಿಸಿ, ಅಂಚು ಹರಿದಿದ್ದರೂ ಪರವಾಗಿಲ್ಲ. ಮುಂದಿನ ತಿಂಗಳು 10ರೊಳಗೆ ಸಿಕ್ಕಿದರೆ ಜಾಗ ಇಟ್ಟಿರುತ್ತೇನೆ.