ಮೂರನೇ ಪುಟದ ‘ಕರಾಳ ಕೂಪ’

ತಮ್ಮಾ,

ಜಮಖಂಡಿಯಿಂದ ನೀನು ಕಳಿಸಿದ ಒಂಬತ್ತು ಪುಟ ಮುಟ್ಟಿವೆ. ‘ಚಿಕ್ಕವನು ಅಂತ ತಿಳಿದು ತಿದ್ದಿರಿ’ ಎಂದು ನೀನೇ ಬರೆದಿದ್ದರಿಂದ ಏಕವಚನಕ್ಕೆ ಇಳಿದಿದ್ದೇನೆ, ಬೇಜಾರಾಗಬೇಡ. ಹಾಲಿವುಡ್ ನಟ ರಾಬರ್ಟ್ ಡೌನಿ ಜೂನಿಯರ್ ಬಗ್ಗೆ ನಮ್ಮ ಪುರವಣಿಗೆ ಈವರೆಗೆ ಯಾರೂ ಬರೆದಿರಲಿಲ್ಲ. ಅಕ್ಷರ ಚೆಂದ. ಚಾಪ್ಲಿನ್ ಪಾತ್ರಕ್ಕಾಗಿ ಎಡಗೈಲಿ ಟೆನಿಸ್ ಆಡಲು ಕಲಿತದ್ದು, 1992ರ ಆ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕದ್ದು, ಇದೆಲ್ಲ ಇರುವ ಪ್ಯಾರಾ ಸಲೀಸಾಗಿ ಓದಿಸಿಕೊಂಡು ಹೋಯಿತು. ಮೂರನೇ ಪುಟಕ್ಕೆ ಬಂದೆ ನೋಡು, ಸಿಟ್ಟು ನೆತ್ತಿಗೇರಿತು.

ಅಲ್ಲಿ ನೀನು ಬರೆದದ್ದು: ‘ಅಷ್ಟರಲ್ಲಿ ವಿಧಿ ತನ್ನ ಕ್ರೂರ ಆಟ ಆಡಿತು. ಮಾದಕ ಲೋಕದ ಕರಾಳ ಕೂಪಕ್ಕೆ ಜಾರಿದ ನಟ ಅನೇಕ ಅವಾಂತರ ಮಾಡಿಕೊಂಡು ಜೈಲು ಕಂಡ.’

‘ವಿಧಿ’ ಯಾರು? ಅವನ ಅಪ್ಪ ಸಿನಿಮಾ ನಿರ್ದೇಶಕ. ಐದು ವರ್ಷದ ಮಗನನ್ನು 1970ರಲ್ಲಿ ತನ್ನದೇ ಚಿತ್ರದಲ್ಲಿ ನಿಲ್ಲಿಸಿದ. ಆರನೇ ವಯಸ್ಸಿಗೆಲ್ಲ ಅದೇ ಅಪ್ಪ ಗಾಂಜಾ ಸೇದಲು ಕೊಟ್ಟ. ಇದನ್ನು ಮಗನೇ ಹೇಳಿಕೊಂಡಿದ್ದಾನೆ, ಅಪ್ಪ ಮುಂದೆ ತಪ್ಪಾಯಿತು ಅಂತ ಒಪ್ಪಿಕೊಂಡಿದ್ದಾನೆ. ಅಪ್ಪ ಮಾಡಿದ್ದನ್ನು ನೀನು ವಿಧಿಯ ತಲೆಗೆ ಕಟ್ಟಿದೆ.

‘ಜಾರಿದ’ ಅಂತೀಯ. ಒಂದು ಸಲ ಜಾರಿದರೆ ಅದು ಜಾರುವುದು. 1996ರ ಜೂನ್‌ನಲ್ಲಿ ಜೋರಾಗಿ ಗಾಡಿ ಓಡಿಸಿದ್ದಕ್ಕೆ ಪೊಲೀಸರು ತಡೆದರೆ ಒಳಗೆ ಹೆರಾಯಿನ್, ಕೊಕೇನ್, ಗುಂಡು ತುಂಬದ ಒಂದು ಪಿಸ್ತೂಲು. ಕೆಲವೇ ವಾರಕ್ಕೆ ಅಮಲಿನಲ್ಲಿ ಮಾಲಿಬುವಿನ ನೆರೆಮನೆಗೆ ತನ್ನ ಮನೆಯೇ ಅನ್ನುವಂತೆ ಹೊಕ್ಕು, ಆ ಮನೆಯ ಮಗುವಿನ ಹಾಸಿಗೆ ಮೇಲೆ ಮಲಗಿ ನಿದ್ದೆ ಹೋದ. ಆಸ್ಕರ್ ಪಂಕ್ತಿಯಲ್ಲಿ ಕೂತು ಬಂದ ಮನುಷ್ಯ, ಯಾರದೋ ಕೂಸಿನ ಹಾಸಿಗೆ ಮೇಲೆ! ಈ ಹಾಸಿಗೆ ನಿನ್ನ ಕೈಯಲ್ಲಿತ್ತು. ಅದನ್ನು ‘ಅನೇಕ ಅವಾಂತರ’ ಅನ್ನುವ ಚೀಲದೊಳಗೆ ತುಂಬಿ ಬಾಯಿ ಕಟ್ಟಿಬಿಟ್ಟೆ. ‘ಕರಾಳ ಕೂಪ’ ನನಗೆ ಕಾಣಿಸುವುದಿಲ್ಲಪ್ಪ. ಹಾಸಿಗೆ ಕಾಣಿಸುತ್ತದೆ.

ಇನ್ನು ಐದನೇ ಪುಟ: ‘ಜೈಲಿನ ಕತ್ತಲಲ್ಲಿ ಒಂದು ದಿನ ಅವನ ಒಳಗಣ್ಣು ತೆರೆಯಿತು.’

ತೆರೆಯಲಿಲ್ಲ. ತಾರೀಖು ಹಚ್ಚಿ ನೋಡು. 1999ರಲ್ಲಿ ಮೂರು ವರ್ಷದ ಶಿಕ್ಷೆಯಾಯಿತು, ವರ್ಷದ ಹತ್ತಿರ ಒಳಗಿದ್ದು 2000ದ ಆಗಸ್ಟ್‌ನಲ್ಲಿ ಹೊರಗೆ ಬಂದ. ಬಂದವನಿಗೆ ಟಿವಿ ಧಾರಾವಾಹಿಯಲ್ಲಿ ಒಳ್ಳೆಯ ಪಾತ್ರ ಸಿಕ್ಕಿತು. ನವೆಂಬರ್‌ನಲ್ಲಿ ಮತ್ತೆ ಬಂಧನ. 2001ರ ಜನವರಿಯಲ್ಲಿ ಅದೇ ಪಾತ್ರಕ್ಕೆ ಗೋಲ್ಡನ್ ಗ್ಲೋಬ್. ಏಪ್ರಿಲ್‌ನಲ್ಲಿ ಮತ್ತೊಮ್ಮೆ ಬಂಧನ, ಧಾರಾವಾಹಿಯಿಂದ ಹೊರಕ್ಕೆ. ನಡುವೆ ಪ್ರಶಸ್ತಿ, ಆಚೀಚೆ ಪೊಲೀಸರು. ಅಮಲು ಬಿಟ್ಟದ್ದು 2003ರ ಜುಲೈನಲ್ಲಿ ಅಂತ ಅವನೇ ಹೇಳುತ್ತಾನೆ. ಅಂದರೆ ನಿನ್ನ ‘ಒಳಗಣ್ಣಿನ’ ಆಮೇಲೆ ಮೂರು ವರ್ಷ. ಆ ಮೂರು ವರ್ಷವೇ ಲೇಖನ, ನೀನು ಅದನ್ನೇ ಹಾರಿಸಿದ್ದೀ.

ನನಗೆ ಇದು ಯಾಕೆ ಇಷ್ಟು ಚುಚ್ಚಿತು ಅಂದರೆ, ನಾನೂ ಇದನ್ನೇ ಮಾಡಿದ್ದೆ. ಇಪ್ಪತ್ತೆರಡರ ವಯಸ್ಸು, ಬೆಳಗಾವಿಯ ಒಂದು ಪತ್ರಿಕೆಯಲ್ಲಿ ರಾತ್ರಿ ಪಾಳಿ. ನಾಟಕ ಕಂಪನಿಯ ಒಬ್ಬ ಹೆಸರಾಂತ ಖಳನಾಯಕ ತೀರಿಕೊಂಡ. ‘ಕಲಾವಿದನನ್ನು ಬಲಿ ಪಡೆದ ಮದಿರೆ’ ಅಂತ ತಲೆಬರಹ ಕೊಟ್ಟು ಎರಡು ಕಾಲಂ ಬರೆದೆ. ಸಂಪಾದಕರು ನಿಂತಲ್ಲೇ ಓದಿದರು. “ಏನಪಾ, ಅಂವಗ ಪಗಾರ ಯಾರ ಕೈಯಾಗ ಕೊಡ್ತಿದ್ರು?” ಅಂದರು. ಗೊತ್ತಿರಲಿಲ್ಲ. “ಕುಡದ ದಿನ ಪಾರ್ಟ್ ಯಾರ ಮಾಡ್ತಿದ್ರು?” ಅದೂ ಗೊತ್ತಿಲ್ಲ. “ಹಂಗಾರ ನೀ ಬರದದ್ದು ಮದಿರಾದ ಮ್ಯಾಲೆ, ಮನಷ್ಯಾನ ಮ್ಯಾಲಲ್ಲ” ಅಂದು ಬಸ್ಸಿನ ರೊಕ್ಕ ಕೊಟ್ಟು ಬಾದಾಮಿಗೆ ಅಟ್ಟಿದರು. ಬನಶಂಕರಿ ಜಾತ್ರೆ ನಡೆದಿತ್ತು, ಕಂಪನಿಯ ಟೆಂಟು ಅಲ್ಲೇ ಬಿದ್ದಿತ್ತು.

ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಸಿಕ್ಕರು. ನಾಟಕ ಮುಗಿಯುವತನಕ ಅರ್ಧ ಪಗಾರ ಮಾಲಕರ ಕಿಸೆಯಲ್ಲೇ ಇರುತ್ತಿತ್ತಂತೆ. ಉಳಿದದ್ದು ಮರುದಿನ ಮುಂಜಾನೆ, ಅದೂ ಹೆಂಡತಿಯ ಕೈಗೆ. ಆಮೇಲೆ ಪೇಟಿಯ ಹಿಂದಿನ ಹಲಗೆ ಸರಿಸಿ ತೋರಿಸಿದರು, “ಬಾಟ್ಲಿ ಇಲ್ಲಿ ಇಡತಿದ್ದ. ಒಂದ ಸಲ ಚೆಲ್ತು.” ಎರಡು ಸ್ವರದ ಮನೆ ಒತ್ತಿದರು. ಸ್ವರ ಬರಲಿಲ್ಲ, ಬರೀ ಗಾಳಿ. ರಿಪೇರಿ ಯಾಕೆ ಮಾಡಿಸಿಲ್ಲ ಅಂತ ಕೇಳಿದೆ. ಅವರು ಉತ್ತರ ಕೊಡದೆ ಪೇಟಿ ಮುಚ್ಚಿದರು.

ಈಗ ನಿನ್ನ ನಟನಿಗೆ ಬರೋಣ. ಅವನ ಪಗಾರ ಯಾರ ಕಿಸೆಯಲ್ಲಿತ್ತು? ಅಲ್ಲಿ ಸಿನಿಮಾಕ್ಕೆ ದುಡ್ಡು ಹಾಕುವವರು ಮೊದಲು ಕೇಳುವುದು ವಿಮೆ. ನಾಯಕ ಒಂದು ದಿನ ಸೆಟ್ಟಿಗೆ ಬರಲಿಲ್ಲ ಅಂದರೂ ಇಡೀ ತಂಡದ ಆ ದಿನದ ಖರ್ಚು ನೀರುಪಾಲು, ಜೈಲಿಗೆ ಹೋದರಂತೂ ಚಿತ್ರವೇ ನಿಂತಿತು. ಹಾಗಾಗಿ ಇಂಥವನ ಹೆಸರಿಗೆ ವಿಮೆ ಸಿಗುವುದೇ ಕಷ್ಟ, ವಿಮೆ ಇಲ್ಲದೆ ಸಾಲ ಹುಟ್ಟುವುದಿಲ್ಲ. 2003ರ ಒಂದು ಚಿತ್ರಕ್ಕೆ ಗೆಳೆಯ, ನಟ ಮೆಲ್ ಗಿಬ್ಸನ್ ಆ ವಿಮೆಯ ಭಾರ ಹೊತ್ತ. ಅದೇ ವರ್ಷದ ‘ಗಾಥಿಕಾ’ದ ನಿರ್ಮಾಪಕ ಜೋಯಲ್ ಸಿಲ್ವರ್ ಅವನ ಸಂಭಾವನೆಯಲ್ಲಿ 40 ಪ್ರತಿಶತ ತಡೆಹಿಡಿದು, ಶೂಟಿಂಗ್ ಮುಗಿದ ಮೇಲೆ ಕೊಟ್ಟ. ಓದಿದಾಗ ನನಗೆ ಬನಶಂಕರಿಯ ಮಾಲಕರೇ ಕಣ್ಣ ಮುಂದೆ ಬಂದರು. ‘ಗಾಥಿಕಾ’ ಸೆಟ್ಟಿನಲ್ಲೇ ಅವನಿಗೆ ಸೂಸನ್ ಲೆವಿನ್ ಸಿಕ್ಕಳು, 2005ರಲ್ಲಿ ಮದುವೆಯಾಯಿತು. ನಿನ್ನ ಲೇಖನದಲ್ಲಿ ವಿಮೆ ಇಲ್ಲ, ಗಿಬ್ಸನ್ ಇಲ್ಲ, ಸೂಸನ್ ‘ಬಾಳಿಗೆ ಬೆಳಕಾಗಿ’ ಬಂದು ಹೋಗುತ್ತಾಳೆ. ಅವಳೂ ಆ ಚಿತ್ರದ ನಿರ್ಮಾಣದಲ್ಲಿ ದುಡಿಯುತ್ತಿದ್ದವಳು, ಲೆಕ್ಕ ಗೊತ್ತಿದ್ದ ಹೆಂಗಸು.

2008ರ ‘ಐರನ್ ಮ್ಯಾನ್’, 2024ರ ಆಸ್ಕರ್ ಬಗ್ಗೆ ನೀನು ಮೂರು ಪುಟ ಬರೆದಿದ್ದೀ. ಒಂದು ಪುಟಕ್ಕೆ ಇಳಿಸು, ಅದು ಎಲ್ಲರಿಗೂ ಗೊತ್ತು.

‘ಬೂದಿಯಿಂದ ಎದ್ದ ಹಕ್ಕಿ’ ಅನ್ನುವ ತಲೆಬರಹವನ್ನು ನಾನೇ ಹೊಡೆದುಹಾಕಿದ್ದೇನೆ. ಮೂರು ಮತ್ತು ಐದನೇ ಪುಟ ಈ ಪತ್ರದ ಜೊತೆ ವಾಪಸ್ ಬಂದಿವೆ, ಉಳಿದವು ನನ್ನ ಟೇಬಲ್ಲಿನ ಮೇಲಿವೆ. ಪುಟ ಕಟ್ಟುವುದು ಇಪ್ಪತ್ತನೇ ತಾರೀಖಿಗೆ, ಅದರೊಳಗೆ ಕಳಿಸು. ಆ ಎರಡು ಪುಟ ನಾಲ್ಕಾದರೂ ಜಾಗ ಮಾಡಿಕೊಡುತ್ತೇನೆ.