ಇಂಗ್ಲೆಂಡಿನ ಮಧ್ಯಯುಗದ ಜಮೀನ್ದಾರಿ ಮನೆಗಳ ಕಂದಕದ ಕೆಸರಿಗೆ ಪುರಾತತ್ವಜ್ಞರು ಯಾಕೆ ಅಷ್ಟು ಬೆಲೆ ಕೊಡುತ್ತಾರೆ?

ಮನೆಯಿದ್ದ ಜಾಗದಲ್ಲಿ ಕೊಳೆತು ಹೋದದ್ದು ಕಂದಕದಲ್ಲಿ ಉಳಿದಿರುತ್ತದೆ, ಅದಕ್ಕೆ. ಒಣ ಮಣ್ಣಿನಲ್ಲಿ ಗಾಳಿಯಾಡುವುದರಿಂದ ಮರ, ಚರ್ಮ ಬಾಳುವುದಿಲ್ಲ. ಕಂದಕದ ತಳದ ಕೆಸರಿಗೆ ಆಮ್ಲಜನಕ ಇಳಿಯುವುದೇ ಕಡಿಮೆ; ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ಬಹುತೇಕ ನಿಂತುಹೋಗುತ್ತದೆ. ಹಾಗಾಗಿ ಹೊಲಿಗೆಯ ತೂತುಗಳೂ ಎಣಿಸಲು ಬರುವಂಥ ಪಾದರಕ್ಷೆಯ ಅಟ್ಟೆ, ಮರದ ಬಟ್ಟಲು, ತಿಂದೆಸೆದ ಹಣ್ಣಿನ ಬೀಜ ಸಿಗುತ್ತವೆ. ಊಟ, ಉಡುಪು, ದಿನದ ಬದುಕು ಗೊತ್ತಾಗುವುದು ಇವುಗಳಿಂದಲೇ. ಬರ್ಮಿಂಗ್‌ಹ್ಯಾಮ್‌ನ ವೀಲಿ ಕ್ಯಾಸಲ್‌ನಲ್ಲಿ 13ನೇ ಶತಮಾನದ ಮರದ ಅಡುಗೆಮನೆಯ ಗೋಡೆಯ ಕೆಳಭಾಗವನ್ನೂ ಇಂಥದ್ದೇ ಒದ್ದೆ ನೆಲ ಕಾಪಾಡಿತ್ತು.

ಕಂದಕವಿರುವ ಇಂಥ ನೆಲೆಗಳು ಇಂಗ್ಲೆಂಡಿನಲ್ಲಿ 5,000ಕ್ಕೂ ಹೆಚ್ಚು. ಬಹುಪಾಲು 1250–1350ರ ನಡುವಿನವು. ಹೊಲಕ್ಕೆಂದು ಕಂದಕದ ನೀರು ಬಸಿದು ಒಣಗಿಸಿದರೆ ನನಗೆ ಸಂಕಟವಾಗುತ್ತದೆ. ಗಾಳಿ ಹೊಕ್ಕಿತೆಂದರೆ 700 ವರ್ಷ ಉಳಿದು ಬಂದದ್ದು ಬೇಗನೆ ಪುಡಿಯಾಗುತ್ತದೆ.