ಹಸುವಿಗೆ ಇಂಜೆಕ್ಷನ್ ಚಪ್ಪೆಗೆ ಬೇಡ, ಕುತ್ತಿಗೆಗೆ ಕೊಡಿ

ಮಾನ್ಯರೇ, ನೀವು ಹಾಕಿರುವ ಚಿತ್ರದಲ್ಲಿ ಹಸುವಿನ ಬಲ ಚಪ್ಪೆಯ, ಅಂದರೆ ಹಿಂಗಾಲಿನ ಮೇಲಿನ ದಪ್ಪ ಮಾಂಸದ ಭಾಗದ ಮೇಲೆ ಎದ್ದಿರುವ ಬಾವು, ಲಾಂಗ್ ಆಕ್ಟಿಂಗ್ (ಹಲವು ದಿನ ಕೆಲಸ ಮಾಡುವ) ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಅನ್ನು ಒಂದೇ ಜಾಗಕ್ಕೆ 30 ಮಿ.ಲೀ. ಚುಚ್ಚಿದ್ದರಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಬಿಸಿನೀರಿನ ಶಾಖ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ನಡೆಯುವಾಗ ಆ ಕಾಲಿನ ಗೊರಸು ಹಿಂದಕ್ಕೆ ಮಡಚಿಕೊಳ್ಳುತ್ತಿದೆ ಎಂದೂ ಬರೆದಿರುವುದರಿಂದ, ಶಾಖ ಸಾಲದು. ಇಂದೇ ಪಶುವೈದ್ಯರಿಗೆ ತೋರಿಸಿ. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಸಿಕೊಳ್ಳಿ. ಬ್ಲೇಡು ಹಾಕಿ ನೀವೇ ಕೀವು ತೆಗೆಯುವ ಸಾಹಸಕ್ಕೆ ಮಾತ್ರ ಇಳಿಯಬೇಡಿ.

ಚಪ್ಪೆಗೆ ಚುಚ್ಚುವ ರೂಢಿ ನಮ್ಮ ಕೊಟ್ಟಿಗೆಯಲ್ಲೂ ಇತ್ತು, ಅದರ ಫಲವನ್ನು ನಾವೂ ಉಂಡಿದ್ದೇವೆ. ಆದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಚಪ್ಪೆಯಲ್ಲಿ ಮಾಂಸ ದಪ್ಪಗಿದೆ, ಹಸು ಅಲ್ಲಾಡಿದರೂ ಸೂಜಿ ಎಲ್ಲೋ ಒಂದು ಕಡೆ ಇಳಿಯುತ್ತದೆ ಎಂಬುದೇ ಈ ರೂಢಿಗಿರುವ ಸಮರ್ಥನೆ. ಆದರೆ ಹಿಂಗಾಲನ್ನು ನಡೆಸುವ ದೊಡ್ಡ ನರ ಸೊಂಟದ ಕೀಲಿನ ಹಿಂಬದಿಯಿಂದ ಹಾದು ತೊಡೆಯ ಹಿಂಭಾಗದಲ್ಲಿ ಇಳಿಯುತ್ತದೆ. ಸೂಜಿ ಅದಕ್ಕೆ ನೇರವಾಗಿ ತಗುಲಬೇಕೆಂದೇನೂ ಇಲ್ಲ, ಉರಿ ತರುವ ಔಷಧ ಅದರ ಪಕ್ಕದಲ್ಲಿ ನಿಂತರೂ ಸಾಕು, ಗೊರಸು ಮಡಚತೊಡಗುತ್ತದೆ. ಮಾಂಸ ತೆಳ್ಳಗಿರುವ ಕರುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಇನ್ನು ಕೀವಾದರಂತೂ, ದಪ್ಪ ಮಾಂಸದ ಆಳದಲ್ಲಿ ಹೊರಬರಲು ದಾರಿಯಿಲ್ಲದೆ, ಸ್ನಾಯುಗಳ ನಡುವಿನ ಸಂದಿಯಲ್ಲೇ ಕೆಳಕ್ಕೆ ಹರಡುತ್ತಾ ಹೋಗುತ್ತದೆ. ಕುತ್ತಿಗೆಯಲ್ಲಾದರೆ ಬಾವು ಬೇಗ ಕಣ್ಣಿಗೆ ಬೀಳುತ್ತದೆ, ವೈದ್ಯರಿಗೆ ಬಿಡಿಸಿ ತೊಳೆಯುವುದೂ ಸುಲಭ; ಸಗಣಿ ಗಂಜಲ ತಾಗುವ ಜಾಗವೂ ಅದಲ್ಲ.

ಅಮೆರಿಕದಲ್ಲಿ ಮಾಂಸಕ್ಕಾಗಿ ದನ ಸಾಕುವವರು ಈ ಪಾಠವನ್ನು ದುಡ್ಡು ಕಳೆದುಕೊಂಡು ಕಲಿತರು. ಅಲ್ಲಿ 1991ರಲ್ಲಿ ಮೊದಲ ರಾಷ್ಟ್ರೀಯ ಗೋಮಾಂಸ ಗುಣಮಟ್ಟ ಪರಿಶೀಲನೆ ನಡೆದ ಕಾಲದಲ್ಲಿ, ಬೆಲೆಬಾಳುವ ಹಿಂಭಾಗದ ಮಾಂಸದೊಳಗೆ ಇಂಜೆಕ್ಷನ್ನಿನ ಗಾಯದ ಗಂಟುಗಳು ಸಿಗುವುದು ದೊಡ್ಡ ತಲೆನೋವಾಗಿತ್ತು. ಆ ಬಳಿಕ ಎಲ್ಲ ಇಂಜೆಕ್ಷನ್ನುಗಳನ್ನೂ ಹೆಗಲಿನ ಮುಂದೆ, ಕುತ್ತಿಗೆಗೇ ಕೊಡಬೇಕೆಂದು ಅವರು ಪಟ್ಟು ಹಿಡಿದು ಕಲಿಸಿದರು. ನಮ್ಮದು ಹಾಲಿನ ಹಸು, ನಮಗೇಕೆ ಆ ಲೆಕ್ಕ ಎನ್ನಬೇಡಿ. ಗಂಟು ಕಟ್ಟಿದ ಮಾಂಸದ ನೋವನ್ನು ಹಾಲಿನ ಹಸುವೂ ತಿನ್ನಬೇಕಾಗುತ್ತದೆ.

ಕುತ್ತಿಗೆಯಲ್ಲೂ ಎಲ್ಲೆಂದರಲ್ಲಿ ಚುಚ್ಚುವಂತಿಲ್ಲ. ಮೇಲಂಚಿನಲ್ಲಿ ಗಟ್ಟಿ ನಾರಿನ ಪಟ್ಟಿಯಿದೆ, ಅಲ್ಲಿ ಔಷಧ ಹೀರುವುದಿಲ್ಲ. ಕೆಳಗೆ ಕತ್ತಿನ ಮೂಳೆಗಳ ಸಾಲು, ಅದಕ್ಕೂ ಕೆಳಗೆ ದೊಡ್ಡ ರಕ್ತನಾಳ ಹರಿಯುವ ತಗ್ಗು. ಹಿಂದೆ ಹೆಗಲಿನ ಮೂಳೆ. ಇವುಗಳ ನಡುವೆ ಉಳಿಯುವ ತ್ರಿಕೋನವೇ ಸರಿಯಾದ ಜಾಗ. ಕಣ್ಣಂದಾಜಿನಲ್ಲಿ ತ್ರಿಕೋನ ಗುರುತಿಸಲು ಹೋದರೆ ಅನೇಕರು ತಪ್ಪುತ್ತಾರೆ, ಹಾಗಾಗಿ ನಾನು ಯಾರಿಗೇ ಹೇಳಿಕೊಟ್ಟರೂ ಅಂಗೈಯಿಂದಲೇ ಆರಂಭಿಸುತ್ತೇನೆ. ಹಸುವಿನ ತಲೆಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ, ಸಾಧ್ಯವಿದ್ದರೆ ಟ್ರೆವಿಸ್‌ಗೆ (ದನವನ್ನು ಅಲ್ಲಾಡದಂತೆ ನಿಲ್ಲಿಸುವ ಕಟ್ಟು) ಹಾಕಿ, ಹೆಗಲಿನ ಪಕ್ಕ ನಿಂತುಕೊಳ್ಳಿ. ಹೆಗಲಿನ ಮೂಳೆಯ ಮುಂದಿನ ಅಂಚನ್ನು ಬೆರಳಿನಿಂದ ತಡವಿ ಹುಡುಕಿ. ಅಂಗೈಯ ಬುಡವನ್ನು ಆ ಅಂಚಿಗೆ ತಾಗಿಸಿ, ಬೆರಳುಗಳು ತಲೆಯ ಕಡೆಗಿರುವಂತೆ, ಕುತ್ತಿಗೆಯ ಮೇಲಂಚಿಗೂ ರಕ್ತನಾಳದ ತಗ್ಗಿಗೂ ನಡುಮಧ್ಯದಲ್ಲಿ ಕೈಯನ್ನು ಚಪ್ಪಟೆಯಾಗಿ ಇಡಿ. ಆ ಕೈ ಮುಚ್ಚಿದ ಮಾಂಸಕ್ಕೆ ಮಾತ್ರ ಸೂಜಿ ಇಳಿಯಬೇಕು. ಬೆರಳ ತುದಿಯ ಆಚೆಗೂ ಇಲ್ಲ, ಕೈಯ ಕೆಳ ಅಂಚನ್ನು ದಾಟಿ ಕೆಳಗೂ ಇಲ್ಲ. ಒಂದೆರಡು ದಿನ ಸುಮ್ಮನೆ ಕೈಯಿಟ್ಟು ಸವರಿ ಅಭ್ಯಾಸ ಮಾಡಿಸಿದರೆ ಹಸುವೂ ಬೆದರುವುದಿಲ್ಲ.

ಮಾಂಸಕ್ಕೆ ಕೊಡುವಾಗ ಸಿರಿಂಜಿನಿಂದ ಬಿಡಿಸಿದ ಸೂಜಿಯನ್ನು ಬೆರಳಲ್ಲಿ ಹಿಡಿದು, ಮುಷ್ಟಿಯ ಬದಿಯಿಂದ ಎರಡು ಮೂರು ಸಲ ಆ ಜಾಗಕ್ಕೆ ತಟ್ಟಿ, ಅದೇ ಲಯದಲ್ಲಿ ನೇರವಾಗಿ ಇಳಿಸಿ. ಹಸು ಕೊಸರಾಡುವುದು ನಿಂತ ಮೇಲೆ ಸಿರಿಂಜ್ ಜೋಡಿಸಿ, ದಂಡವನ್ನು ಸ್ವಲ್ಪ ಹಿಂದಕ್ಕೆಳೆದು ನೋಡಿ. ರಕ್ತ ಬಂದರೆ ಸೂಜಿ ತೆಗೆದು ಜಾಗ ಬದಲಿಸಿ. ಡೈಕ್ರಿಸ್ಟಿಸಿನ್‌ನಂತಹ ಪ್ರೊಕೇನ್ ಪೆನಿಸಿಲಿನ್ ಔಷಧಗಳಲ್ಲಿ ಈ ಹೆಜ್ಜೆಯನ್ನು ಬಿಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ಏಕೆಂದರೆ ಅದು ರಕ್ತನಾಳಕ್ಕೆ ಹೋದರೆ ಹಸು ನಿಂತಲ್ಲೇ ನಡುಗಿ ಬೀಳಬಹುದು.

ಒಂದು ಜಾಗಕ್ಕೆ 10 ಮಿ.ಲೀ. ಮೀರಬಾರದು, ಎರಡು ಜಾಗಗಳ ನಡುವೆ ಒಂದು ಅಂಗೈ ಅಗಲದ ಅಂತರ ಇರಬೇಕು. ಮಿ.ಲೀ.ಗೆ 200 ಮಿ.ಗ್ರಾಂ. ಸಾಂದ್ರತೆಯ ಆಕ್ಸಿಟೆಟ್ರಾಸೈಕ್ಲಿನ್ ಅನ್ನು 10 ಕಿಲೋ ತೂಕಕ್ಕೆ 1 ಮಿ.ಲೀ. ಎಂದು ಬರೆದುಕೊಟ್ಟರೆ 400 ಕಿಲೋ ಹಸುವಿಗೆ 40 ಮಿ.ಲೀ. ಆಗುತ್ತದೆ, ಅದು ಕುತ್ತಿಗೆಯ ಎಡಕ್ಕೆ ಎರಡು, ಬಲಕ್ಕೆ ಎರಡು ಚುಚ್ಚು. ಉಣ್ಣೆಯಿಂದ ಬರುವ ಥೈಲೇರಿಯಾ ರೋಗಕ್ಕೆ ಕೊಡುವ ಬುಪಾರ್ವಾಕ್ವೋನ್ 20 ಕಿಲೋಗೆ 1 ಮಿ.ಲೀ., ಅಂದರೆ ಅದೇ ಹಸುವಿಗೆ 20 ಮಿ.ಲೀ., ಎರಡು ಚುಚ್ಚು. ಆಕ್ಸಿಟೆಟ್ರಾಸೈಕ್ಲಿನ್‌ಗೆ ಅಂಗಡಿಯಲ್ಲಿ ಬರಿದೇ ಟೆರಾಮೈಸಿನ್ ಎಂಬ ಕಂಪನಿ ಹೆಸರು ಹೇಳಿ ಕೇಳಬೇಡಿ, 50 ಮಿ.ಗ್ರಾಂ.ನ ಸಾದಾ ಬಾಟಲಿಯೂ ಅದೇ ಹೆಸರಿನಲ್ಲಿದೆ, ಎಲ್‌ಎ (ಲಾಂಗ್ ಆಕ್ಟಿಂಗ್) ಬಾಟಲಿಯೂ ಇದೆ, ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಯಾವ ಕಂಪನಿ ಎಂದು ಜಗಳವಾಡುವುದಕ್ಕಿಂತ ಬಾಟಲಿಯ ಮೇಲಿನ ಚೀಟಿ ಓದುವುದು ಮುಖ್ಯ. ಅಲ್ಲಿ ಚರ್ಮದಡಿಗೂ ಕೊಡಬಹುದು ಎಂದಿದ್ದರೆ ನಾನು ಚರ್ಮದಡಿಯನ್ನೇ ಆರಿಸಿಕೊಳ್ಳುತ್ತೇನೆ.

ಚರ್ಮದಡಿಗೆ ಕೊಡುವುದಾದರೆ ಅದೇ ತ್ರಿಕೋನದಲ್ಲಿ ಚರ್ಮವನ್ನು ಎರಡು ಬೆರಳಲ್ಲಿ ಗುಡಾರದಂತೆ ಎತ್ತಿ, ಮುಕ್ಕಾಲು ಇಂಚಿನ ಸೂಜಿಯನ್ನು ಓರೆಯಾಗಿ ಬುಡಕ್ಕೆ ಇಳಿಸಿ. ಹುಳು, ಉಣ್ಣೆಗೆ ಕೊಡುವ ಐವರ್‌ಮೆಕ್ಟಿನ್ ಹೀಗೆಯೇ ಹೋಗಬೇಕು, ಮಾಂಸಕ್ಕಲ್ಲ. ಹಾಲು ಕರೆಯುವ ಹಸುವಿಗಂತೂ ಬೇಡವೇ ಬೇಡ. ಡೆಕ್ಸ್‌ಟ್ರೋಸ್ ಬೆರೆತ ಕ್ಯಾಲ್ಸಿಯಂ ಬಾಟಲಿಯನ್ನು ಚರ್ಮದಡಿಗೆ ಹಾಕಿ ಚರ್ಮ ಕೊಳೆಯಿಸಿಕೊಂಡವರಿದ್ದಾರೆ. ಅದನ್ನು ರಕ್ತನಾಳಕ್ಕೆ ಕೊಡುವುದನ್ನು ವೈದ್ಯರಿಗೇ ಬಿಡಿ, ಕರು ಹಾಕಿದ ಬಳಿಕ ಕ್ಯಾಲ್ಸಿಯಂ ಇಳಿದು ಬರುವ ಹಾಲುಜ್ವರದಲ್ಲಿ ಎದೆಬಡಿತ ಕೇಳುತ್ತಾ ನಿಧಾನವಾಗಿ ಬಿಡಬೇಕಾದ ಔಷಧ ಅದು.

ಉಳುವ ಎತ್ತುಗಳಿಗೆ ಒಂದು ಎಚ್ಚರಿಕೆ ಬೇರೆಯೇ ಇದೆ. ನೊಗ ಕೂರುವ ಗೆರೆಗಿಂತ ಸಾಕಷ್ಟು ಕೆಳಗೆ ಚುಚ್ಚಬೇಕು, ಇಲ್ಲದಿದ್ದರೆ ಸಣ್ಣ ಗಂಟು ಕೂಡ ಉಜ್ಜಿ ಹೆಗಲ ಹುಣ್ಣಾಗುತ್ತದೆ. ಎಣ್ಣೆ ಬೆರೆತ ಕಾಲುಬಾಯಿ ಜ್ವರದ ಲಸಿಕೆ ಗಂಟು ಕಟ್ಟುವುದು ಸಾಮಾನ್ಯ. ಆರು ತಿಂಗಳಿಗೊಮ್ಮೆ ಲಸಿಕೆಯವರು ಬರುವಾಗ ಉಳುಮೆ ನಡೆಯುತ್ತಿದ್ದರೆ ಅದನ್ನು ಅವರಿಗೆ ಮೊದಲೇ ತಿಳಿಸಿ.

ಸೂಜಿಯ ವಿಷಯದಲ್ಲಿ ಜಿಪುಣತನ ಬೇಡ. ಮನುಷ್ಯರ ಸಿರಿಂಜಿನ ಜೊತೆ ಬರುವ ತೆಳು ಸೂಜಿ ಹಸುವಿನ ಚರ್ಮಕ್ಕೆ ಬಾಗುತ್ತದೆ. ಮಾಂಸಕ್ಕೆ 16 ಅಥವಾ 18 ಗೇಜಿನ (ದಪ್ಪದ ಅಳತೆ), ಒಂದರಿಂದ ಒಂದೂವರೆ ಇಂಚಿನ ಸೂಜಿ ತನ್ನಿ. ಬಾಗಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಬಳಸಿದರೆ ಅದು ಮಾಂಸದೊಳಗೇ ಮುರಿಯುತ್ತದೆ. ಒಂದು ಹಸುವಿಗೆ ಒಂದು ಸೂಜಿ, ಏಕೆಂದರೆ ಅನಾಪ್ಲಾಸ್ಮಾದಂತಹ ರಕ್ತದ ರೋಗ ಸೂಜಿಯ ಮೂಲಕವೇ ಪಕ್ಕದ ಹಸುವಿಗೆ ದಾಟುತ್ತದೆ. ಚುಚ್ಚಿದ ಸೂಜಿಯನ್ನು ಬಾಟಲಿಯ ರಬ್ಬರಿಗೆ ಮತ್ತೆ ಹಾಕಿದರೆ ಉಳಿದ ಔಷಧವೆಲ್ಲ ಕೆಟ್ಟಿತೆಂದೇ ತಿಳಿಯಿರಿ.

ನೋವಿಗೆಂದು ಮೆಡಿಕಲ್ ಅಂಗಡಿಯ ಡೈಕ್ಲೋಫೆನಾಕ್ ಕೊಟ್ಟೆ ಎಂದಿದ್ದೀರಲ್ಲ, ಅದು ದೊಡ್ಡ ತಪ್ಪು. ಜಾನುವಾರುಗಳಿಗೆ ಅದನ್ನು 2006ರಲ್ಲೇ ನಿಷೇಧಿಸಲಾಗಿದೆ. ಅದು ಉಳಿದ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತವೆ, ರಾಮನಗರದ ಬೆಟ್ಟದಲ್ಲಿ ಉಳಿದಿರುವುದೇ ಕೆಲವು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ ನಿಷೇಧವಾದವು. ಮೆಲಾಕ್ಸಿಕ್ಯಾಮ್ ಇದೆ, ವೈದ್ಯರನ್ನು ಕೇಳಿ ಅದನ್ನು ಕೊಡಿಸಿ.

ವೈದ್ಯರು ಬಂದಾಗ ಔಷಧದ ಬಾಟಲಿ, ಚುಚ್ಚಿದ ದಿನ, ಪ್ರಮಾಣ ಮೂರನ್ನೂ ತೋರಿಸಿ, ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂಬುದನ್ನೂ ಅವರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.